ಬಾವಲಿಯ ಮೇಲಣ ಅಪವಾದ

ಊರಿನಲ್ಲಿ ಅಕಾಲಮರಣವೊಂದು ಸಂಭವಿಸಿದರೆ ಕಾರಣವನ್ನು ವಿಚಾರಿಸುವವರು ಕೆಲವರು. ಯಾರದಾದರೊಂದು ಹೆಸರನ್ನು ಹಿಡಿದು ಕೂಗುವವರು ಹಲವರು. ಈ ಸಂಗತಿಯನ್ನು ಮನಮುಟ್ಟುವಂತೆ ತೋರಿಸುವ ಹಳೆಯ ವಾಕ್ಚಿತ್ರವೊಂದನ್ನು ವಾಚಕರಿಗೆ ಪರಿಚಯಮಾಡಿಕೊಡಬೇಕೆಂದು ನಮಗೆ ತೋರಿತು. ಅದು 1933ನೆಯ ಇಸವಿಯ ಜನವರಿಯಲ್ಲಿ ಅಮೆರಿಕಾ ದೇಶದಲ್ಲಿ ತೆರೆಕಂಡ ‘ದಿ ವ್ಯಾಂಪೈರ್ ಬ್ಯಾಟ್’, ಎಂದರೆ ರಕ್ತ ಕುಡಿಯುವ ಬಾವಲಿ.

ಇದನ್ನು ತಯಾರಿಸಿದ ಮೆಜೆಸ್ಟಿಕ್ ಸಂಸ್ಥೆಯು ಸಿರಿವಂತವಾದುದಲ್ಲ. ಯೂನಿವರ್ಸಲ್ ಸಂಸ್ಥೆಯವರು ‘ಫ್ರಾಂಕೆನ್‌ಸ್ಟೈನ್’ ಚಿತ್ರಕ್ಕೆ ಬಳಸಿದ್ದ ಹಳ್ಳಿಯನ್ನೂ ‘ದಿ ಓಲ್ಡ್ ಡಾರ್ಕ್ ಹೌಸ್’ ಚಿತ್ರದ ಮನೆಯನ್ನೂ ಬಾಡಿಗೆಗೆ ಹಿಡಿದು, ರಾತ್ರಿಯ ವೇಳೆಯಲ್ಲಿ ಕೆಲಸ ನಡೆಸಿದರು. ನಿರ್ದೇಶಕರು ಫ್ರಾಂಕ್ ಸ್ಟ್ರೇಯರ್. ಚಿತ್ರವು ಒಂದು ಗಂಟೆಗಿಂತ ಸ್ವಲ್ಪವೇ ಹೆಚ್ಚು ನಡೆಯುವುದು.

ಕ್ಲೈನ್‌ಷ್ಲಾಸ್ ಎಂಬ ಕಲ್ಪಿತ ಗ್ರಾಮದಲ್ಲಿ ಒಬ್ಬರ ಹಿಂದೊಬ್ಬರು ರಕ್ತಹೀನರಾಗಿ ಸಾಯುತ್ತಿರುವರು. ಇದು ಪಿಶಾಚಿಯ ಕೃತ್ಯವೆಂದು ಗ್ರಾಮಸ್ಥರ ನಿಶ್ಚಯ. ಪೋಲೀಸು ಅಧಿಕಾರಿ ಕಾರ್ಲನೊಬ್ಬನೇ ಇದನ್ನು ನಂಬಲೊಲ್ಲ. ಅಲ್ಲಿ ಹರ್ಮನ್ ಎಂಬ ಮಂದಬುದ್ಧಿಯ ಬಡವನುಂಟು. ಬಾವಲಿಗಳನ್ನು ಹಿಡಿದು ಮುದ್ದಿಸುವುದೇ ಅವನ ಅಪರಾಧ. ಜನರು ಪಂಜುಗಳನ್ನು ಹಿಡಿದು ಅವನನ್ನು ಗುಹೆಯವರೆಗೆ ಅಟ್ಟಿಕೊಂಡು ಹೋಗುವರು. ದಿಕ್ಕುಗಾಣದ ಆ ಪ್ರಾಣಿ ಆಳಕ್ಕೆ ಬಿದ್ದು ಸಾಯುವುದು. ಕಪ್ಪುಬಿಳುಪಿನ ಈ ಚಿತ್ರದಲ್ಲಿ ಆ ಪಂಜುಗಳ ಉರಿಗೆ ಮಾತ್ರ ಕೈಯಿಂದ ಬಣ್ಣ ಹಚ್ಚಿದ್ದರು.

ಆದರೆ ಹರ್ಮನ್ ಸತ್ತ ಮೇಲೆಯೂ ಕೊಲೆಗಳು ನಿಲ್ಲಲಿಲ್ಲ! ನಿಜವಾದ ಘಾತುಕನು ಊರಿಗೆಲ್ಲ ಪೂಜ್ಯನಾದ ವೈದ್ಯ ಫಾನ್ ನೀಮನ್. ತನ್ನ ಪ್ರಯೋಗಶಾಲೆಯಲ್ಲಿ ತಾನು ಸೃಷ್ಟಿಸಿದ ಸಜೀವ ಮಾಂಸಖಂಡಕ್ಕೆ ಆಹಾರವಾಗಿ ಅವನಿಗೆ ಮನುಷ್ಯರಕ್ತವು ಬೇಕಾಗಿತ್ತು. ಸೇವಕನನ್ನು ದೂರದಿಂದಲೇ ವಶೀಕರಣಮಾಡಿ ಈ ಕೆಲಸವನ್ನು ಮಾಡಿಸುತ್ತಿದ್ದನು. ಕಡೆಗೆ ಆ ಸೇವಕನೇ ಯಜಮಾನನನ್ನು ಕೊಂದು ತಾನೂ ಸಾಯುವನು.

ವೈದ್ಯನಾಗಿ ಲಯನೆಲ್ ಆಟ್ವಿಲ್, ಕಾರ್ಲನಾಗಿ ಮೆಲ್ವಿನ್ ಡಗ್ಲಸ್, ನಾಯಿಕೆಯಾಗಿ ಫೇ ರೇ ಅಭಿನಯಿಸಿರುವರು. ಹರ್ಮನ್‌ನ ಪಾತ್ರವನ್ನು ವಹಿಸಿದ ಡ್ವೈಟ್ ಫ್ರೈ 1931ರ ‘ಡ್ರಾಕುಲಾ’ದಲ್ಲಿ ಹುಚ್ಚನಾಗಿ ಕಾಣಿಸಿಕೊಂಡಿದ್ದವನು. ಆದುದರಿಂದ ಅವನ ಮುಖ ಕಂಡೊಡನೆಯೇ ಪ್ರೇಕ್ಷಕರ ಸಂಶಯವೂ ಅವನ ಮೇಲೆಯೇ ಹೋಗುವುದು. ನಾವೂ ಹಾಗೆಯೇ ಶಂಕಿಸಿದೆವು. ಗುಹೆಯ ದೃಶ್ಯವಾದ ಮೇಲೆ ನಮಗೆ ನಾಚಿಕೆಯಾಯಿತು. ಕುಳಿತಲ್ಲಿಯೇ ನಾವೂ ಆ ಗುಂಪಿನಲ್ಲಿ ಒಬ್ಬರಾಗಿದ್ದೆವಲ್ಲವೆ?

ಬಾವಲಿಯ ಪರವಾಗಿಯೂ ಒಂದು ಮಾತು. ರಕ್ತ ಕುಡಿಯುವ ಬಾವಲಿಗಳು ಲೋಕದಲ್ಲಿ ಮೂರೇ ಜಾತಿಯವು. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ ಅವುಗಳ ವಾಸ. ಅವು ರಕ್ತವನ್ನು ಹೀರುವುದಿಲ್ಲ, ನೆಕ್ಕುವುವು. ಅದೂ ಒಂದು ಹೊತ್ತಿಗೆ ಒಂದೆರಡು ಚಮಚೆಯಷ್ಟು. ಮನುಷ್ಯನ ರಕ್ತವನ್ನೆಲ್ಲ ಬರಿದುಮಾಡಿ ಕೊಲ್ಲುವ ಶಕ್ತಿ ಆ ಜೀವಿಗಿಲ್ಲ.

ಎಳೆಯ ಮಕ್ಕಳಿಗೆ ಈ ಚಿತ್ರವನ್ನು ತೋರಿಸದಿರುವುದು ಒಳ್ಳೆಯದು. ಹಿರಿಯರು ನೋಡಿದರೆ, ಮನೆಯಲ್ಲಿ ಯಾರಮೇಲಾದರೂ ಅಪವಾದದ ಮಾತು ಹುಟ್ಟಿದಾಗ ಆ ಪಂಜುಗಳ ಬೆಳಕು ಒಮ್ಮೆ ಕಣ್ಣಮುಂದೆ ಸುಳಿದೀತು. ಅಷ್ಟಾದರೂ ಲಾಭವೇ ಸರಿ.