ಚಳಿ ಎಣಿಸಿ ಕೊಳ್ಳಿ, ಕಡ್ಡಿ ನೋಡಿ ಕತ್ತರಿಸಿ

ಸಿಲಿಕಾನ್ ವ್ಯಾಲಿ ಎಂಬ ಹೆಸರು ಅಂಟಿಕೊಳ್ಳುವ ಮೊದಲು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆ ಏಪ್ರಿಕಾಟ್, ಪ್ಲಮ್, ಚೆರ್ರಿ ತೋಟಗಳ ಸೀಮೆಯಾಗಿತ್ತು. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳು ನಿಂತಿರುವುದು ಆ ಹಳೇ ತೋಟಗಳ ಮಣ್ಣಿನ ಮೇಲೆಯೇ. ಆದರೂ ಕ್ಯಾಲಿಫೋರ್ನಿಯಾದ ಹಿತ್ತಿಲುಗಳಲ್ಲಿ, ಅದರಲ್ಲೂ ಕಡಲಂಚಿನ ಊರುಗಳಲ್ಲಿ, ಕೇಳಿಬರುವ ಗೋಳು ಒಂದೇ: ‘ಗಿಡ ಹುಲುಸಾಗಿದೆ, ಹೂವೇ ಸರಿಯಾಗಿ ಬಿಡೋದಿಲ್ಲ.’ ಗೊಬ್ಬರದ ಮೇಲೆ ತಪ್ಪು ಹೊರಿಸುವುದು ವಾಡಿಕೆ. ನಿಜವಾಗಿ ಆಗಿರುವುದು ಇಷ್ಟೇ: ನರ್ಸರಿಯಲ್ಲಿ ಗಿಡಕ್ಕೆ ಕಟ್ಟಿದ್ದ ಚೀಟಿಯ ಬಣ್ಣದ ಹಣ್ಣು ನೋಡಿದ್ದಾರೆ, ಅದರ ಕೆಳಗಿದ್ದ ಅಂಕಿ ನೋಡಿಲ್ಲ.

ಆ ಅಂಕಿ ಚಳಿಯ ಗಂಟೆಗಳದ್ದು. ಒಳಗೆ ಗಟ್ಟಿ ಓಟೆ ಇರುವ ಪೀಚ್, ನೆಕ್ಟರಿನ್, ಪ್ಲಮ್, ಏಪ್ರಿಕಾಟ್, ಚೆರ್ರಿ ಎಲ್ಲವೂ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಗಿಡಗಳು. ಸಾಕಷ್ಟು ಚಳಿ ಉಂಡ ಮೇಲಷ್ಟೇ ಮೊಗ್ಗು ಏಳುತ್ತದೆ. ಈ ಕಾವಲು ಇಲ್ಲದಿದ್ದರೆ ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಬಂದದ್ದೇ ತಡ ಹೂ ಅರಳಿ, ಆಮೇಲಿನ ಹಿಮಕ್ಕೆ ಕರಕಲಾಗುತ್ತಿತ್ತು. ಉಷ್ಣಾಂಶ 7.2 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಕೆಳಗಿದ್ದ ಗಂಟೆಗಳನ್ನು ಕೂಡುವುದೇ ಇದನ್ನು ಅಳೆಯುವ ಸರಳ ಕ್ರಮ. ಚಳಿ ಸಾಲದಿದ್ದರೆ ಗಿಡ ಸಾಯುವುದಿಲ್ಲ. ತಡವಾಗಿ, ಅಲ್ಲೊಂದು ಇಲ್ಲೊಂದು ಹೂ ಬಿಟ್ಟು ಸುಮ್ಮನಾಗುತ್ತದೆ.

ಎಲ್ಬರ್ಟಾ ಪೀಚ್ ಸುಮಾರು 800 ಗಂಟೆ ಕೇಳುತ್ತದೆ, ಬಿಂಗ್ ಚೆರ್ರಿ 700ಕ್ಕೂ ಮಿಗಿಲು. ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳ ಕಡಲಂಚಿನಲ್ಲಿ ಎಷ್ಟೋ ವರ್ಷ 300 ಮುಟ್ಟುವುದೂ ಕಷ್ಟ. ಅಲ್ಲಿಗೆ ಒಗ್ಗುವುದು ಸುಮಾರು 150 ಗಂಟೆಯ ಫ್ಲಾರ್ಡಪ್ರಿನ್ಸ್ ಪೀಚ್; ಸ್ವಲ್ಪ ಒಳನಾಡಾದರೆ ಬ್ಯಾಬ್‌ಕಾಕ್ ಪೀಚ್, ಗೋಲ್ಡ್ ಕಿಸ್ಟ್ ಏಪ್ರಿಕಾಟ್. ಚೆರ್ರಿ ಬೇಕೇ ಬೇಕೆನ್ನುವವರು ಮಿನ್ನಿ ರಾಯಲ್, ರಾಯಲ್ ಲೀ ಎರಡನ್ನೂ ನೆಡಬೇಕು. ಒಂದರ ಪರಾಗ ಇನ್ನೊಂದಕ್ಕೆ ಬೇಕು. ಒಂದೇ ಗಿಡಕ್ಕೆ ಜಾಗವಿದ್ದರೆ ನನ್ನ ಓಟು ಸಾಂತಾ ರೋಸಾ ಪ್ಲಮ್‌ಗೆ. ಲೂಥರ್ ಬರ್ಬ್ಯಾಂಕ್ 1906ರಲ್ಲಿ ಬಿಡುಗಡೆ ಮಾಡಿದ ಈ ತಳಿಗೆ 300 ಗಂಟೆಯ ಚಳಿ ಸಾಕು, ಜೊತೆಗಾರ ಗಿಡವೂ ಬೇಡ.

ನಿಮ್ಮ ಊರಿನ ಲೆಕ್ಕ ಗೊತ್ತಾಗಲು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹವಾಮಾನ ಕೇಂದ್ರವಾರು ಚಳಿಯ ಗಂಟೆಗಳನ್ನು ಕೊಡುತ್ತದೆ. ಚಳಿ ಕಮ್ಮಿಯಿರುವ ಕಡೆ ಬೇಸಿಗೆಯಲ್ಲಿ ಬಿಸಿಲಿದ್ದು ಚಳಿಗಾಲದಲ್ಲಿ ತಣ್ಣಗಿರುವ ಮೂಲೆ ಹುಡುಕಿ. ಕಾವು ಹೀರುವ ಗೋಡೆಯ ಪಕ್ಕ ಬೇಡ. ಕರಿಬೇವಿನ ಕುಂಡವನ್ನು ಚಳಿಗೆ ಒಳಗೆ ತಂದಿಡುವ ಮಮತೆ ಪೀಚ್‌ಗೆ ಸಲ್ಲದು. ಹಾಗೆಯೇ, ಓಟೆಯನ್ನು ಬೆಂಗಳೂರಿಗೆ ಒಯ್ದು ಮೊಳೆಸುವ ಆಸೆಯಿದ್ದವರಿಗೆ ಒಂದು ಮಾತು: ಬೆಂಗಳೂರು ನಗರದ ದಾಖಲೆಯ ಅತಿ ಕನಿಷ್ಠ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಈ ಲೆಕ್ಕದಲ್ಲಿ ಒಂದು ಗಂಟೆಯೂ ಜಮೆಯಾಗುವುದಿಲ್ಲ.

ಜನವರಿಯಲ್ಲಿ ನರ್ಸರಿಗಳಿಗೆ ಮಣ್ಣಿಲ್ಲದ ಬರಿಬೇರಿನ ಸಸಿಗಳು ಬರುತ್ತವೆ. ಕುಂಡದ ಗಿಡಕ್ಕಿಂತ ಅಗ್ಗ, ಬೇರು ಹೇಗಿದೆಯೆಂದು ನೋಡಿಯೇ ಕೊಳ್ಳಬಹುದು. ನೆಟ್ಟ ದಿನವೇ ಮೊಣಕಾಲೆತ್ತರಕ್ಕೆ, ಒಂದೂವರೆಯಿಂದ ಎರಡು ಅಡಿಗೆ, ತುದಿ ಕತ್ತರಿಸಿ. ಆಳೆತ್ತರದ ಸಸಿಗೆ ದುಡ್ಡು ಕೊಟ್ಟು ಮುಕ್ಕಾಲು ಭಾಗ ಕಡಿಯಲು ಯಾರಿಗೂ ಕೈ ಬರುವುದಿಲ್ಲ. ಆದರೆ ಕವಲು ಒಡೆಯುವುದು ಕಡಿದ ಜಾಗದ ಕೆಳಗೆ. ಎದೆಯೆತ್ತರದಲ್ಲಿ ಕಡಿದರೆ ಹಣ್ಣು ಏಣಿಯ ಎತ್ತರದಲ್ಲಿ. ಬರುವ ಚಿಗುರುಗಳಲ್ಲಿ ಸುತ್ತಲೂ ಹರಡಿದ ಮೂರು ನಾಲ್ಕನ್ನು ಉಳಿಸಿ, ನಡುವನ್ನು ಖಾಲಿ ಬಿಡಿ. ಬಟ್ಟಲಿನಂಥ ಈ ಆಕಾರದಲ್ಲಿ ಒಳಗಿನ ಕಡ್ಡಿಗೂ ಬಿಸಿಲು ಬೀಳುತ್ತದೆ. ಕಸಿಯ ಗಂಟಿನ ಕೆಳಗೆ ಚಿಗುರಿದ್ದೆಲ್ಲ ಬೇರುಸಸಿಯದು, ಕಂಡಾಗಲೇ ಕಿತ್ತುಬಿಡಿ. ಬೋಳು ಕಾಂಡಕ್ಕೆ ಅರ್ಧ ನೀರು ಬೆರೆಸಿದ, ನೀರಿನಲ್ಲೇ ಕರಗುವ ಬಿಳಿ ಬಣ್ಣ ಬಳಿದರೆ ತೊಗಟೆ ಬಿಸಿಲಿಗೆ ಸುಡದು.

ಇನ್ನು ವರ್ಷ ವರ್ಷದ ಕತ್ತರಿ ಕೆಲಸ. ಯಾವ ಗಿಡ ಯಾವ ವಯಸ್ಸಿನ ಕಡ್ಡಿಯಲ್ಲಿ ಫಲ ಕೊಡುತ್ತದೆ ಎನ್ನುವುದು ತಿಳಿದರೆ ಮುಕ್ಕಾಲು ಕೆಲಸ ತಿಳಿದಂತೆ.

ಪೀಚ್, ನೆಕ್ಟರಿನ್ ಹಣ್ಣಾಗುವುದು ಕಳೆದ ವರ್ಷ ಬೆಳೆದ ಕೆಂಬಣ್ಣದ ಕಡ್ಡಿಯಲ್ಲಿ. ಅದರ ಗಿಣ್ಣು ನೋಡಿ: ನಡುವೆ ಚೂಪಾದ ಎಲೆಮೊಗ್ಗು, ಅಕ್ಕಪಕ್ಕ ದುಂಡನೆಯ ಹೂಮೊಗ್ಗು. ಒಮ್ಮೆ ಫಲ ಕೊಟ್ಟ ಕಡ್ಡಿ ಮತ್ತೆ ಕೊಡುವುದಿಲ್ಲ. ಸವರದೆ ಬಿಟ್ಟರೆ ಹೊಸ ಕಡ್ಡಿ ತುದಿಯಲ್ಲಷ್ಟೇ ಬಂದು, ಹಣ್ಣು ವರ್ಷ ವರ್ಷ ಮೇಲಕ್ಕೆ ಸರಿದು, ಕೊನೆಗೆ ಹಕ್ಕಿಗಳ ಪಾಲು. ಆದ್ದರಿಂದ ಚಳಿಗಾಲದ ಕೊನೆಗೆ, ಮೊಗ್ಗು ಉಬ್ಬುವ ಹೊತ್ತಿಗೆ, ಹಿಂದಿನ ವರ್ಷದ ಬೆಳವಣಿಗೆಯ ಅರ್ಧದಷ್ಟನ್ನು ತೆಗೆಯಬೇಕು. ಪೆನ್ಸಿಲ್ ದಪ್ಪದ ಕಡ್ಡಿ ಉಳಿಸಿ. ನೆಟ್ಟಗೆ ಆಕಾಶಕ್ಕೆ ಹೋದದ್ದು, ಒಂದಕ್ಕೊಂದು ಉಜ್ಜುವುದು, ಮುದಿಯಾದದ್ದು ಹೋಗಲಿ.

ಇದೇ ಪಾಠವನ್ನು ಪ್ಲಮ್ ಮೇಲೆ ಪ್ರಯೋಗಿಸಿದರೆ ಅನಾಹುತ. ಪ್ಲಮ್, ಏಪ್ರಿಕಾಟ್, ಚೆರ್ರಿಗಳಲ್ಲಿ ಹೆಚ್ಚಿನ ಫಲ ಹಳೇ ಕೊಂಬೆಗೆ ಅಂಟಿಕೊಂಡ ಬೆರಳುದ್ದದ ಗಿಡ್ಡ ಕಡ್ಡಿಗಳಲ್ಲಿ. ಏಪ್ರಿಕಾಟ್‌ನಲ್ಲಿ ಅವು ಮೂರರಿಂದ ಐದು ವರ್ಷ, ಪ್ಲಮ್‌ನಲ್ಲಿ ಇನ್ನೂ ಹೆಚ್ಚು, ಚೆರ್ರಿಯಲ್ಲಿ ಹತ್ತು ವರ್ಷಕ್ಕೂ ಮೀರಿ ಫಲ ಕೊಡುತ್ತವೆ. ಒಣಗಿದ ಮೊಂಡು ಎಂದುಕೊಂಡು ಕೆರೆದುಹಾಕಬೇಡಿ.

ಏಪ್ರಿಕಾಟ್, ಚೆರ್ರಿಗಳನ್ನು ಮಳೆಗಾಲದಲ್ಲಿ ಮುಟ್ಟಲೇಬಾರದು. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಆಗ ಯುಟೈಪಾ ಎಂಬ ಶಿಲೀಂಧ್ರದ ಕಣಗಳು ಹಸಿ ಗಾಯಕ್ಕೆ ಇಳಿದು ಕೊಂಬೆಗೆ ಕೊಂಬೆಯನ್ನೇ ಒಣಗಿಸುತ್ತವೆ. ಹಣ್ಣು ಮುಗಿದ ಮೇಲೆ, ಆಗಸ್ಟ್ ಹೊತ್ತಿಗೆ ಸವರಿದರೆ ಮಳೆ ಬರುವಷ್ಟರಲ್ಲಿ ಗಾಯ ಮಾಗಿರುತ್ತದೆ. ಗಾಯಕ್ಕೆ ಬಳಿಯುವ ಲೇಪ ಮಾರುತ್ತಾರೆ, ಅದು ದಂಡ.

ಎತ್ತರದ ವಿಷಯಕ್ಕೂ ಬೇಸಿಗೆಯೇ ಸರಿ. ಚೀಟಿಯಲ್ಲಿ ‘ಕುಳ್ಳ ತಳಿ’ ಎಂದಿದ್ದರೂ ಬಿಟ್ಟರೆ ಹದಿನೈದು ಅಡಿ ಏರುವ ಗಿಡಗಳಿವೆ. ಕೈಯೆತ್ತಿದಷ್ಟು ಎತ್ತರ ಗೊತ್ತು ಮಾಡಿಕೊಂಡು, ದಾಟಿದ್ದನ್ನೆಲ್ಲ ಬೇಸಿಗೆಯಲ್ಲಿ ಕತ್ತರಿಸಿ. ಚಳಿಗಾಲದ ಕಡಿತ ಗಿಡವನ್ನು ರಭಸದಿಂದ ಚಿಗುರಿಸುತ್ತದೆ, ಬೇಸಿಗೆಯದು ತಗ್ಗಿಸುತ್ತದೆ.

ಕಾಯಿ ಕಟ್ಟಿದ ಮೇಲೆ ಪೀಚ್‌ನಲ್ಲಿ ಐದಾರು ಅಂಗುಲಕ್ಕೊಂದು ಮಿಡಿ ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕಬೇಕು. ಕಿತ್ತ ರಾಶಿ ನೋಡಿ ಹೊಟ್ಟೆ ಉರಿಯುತ್ತದೆ, ಆದರೆ ಕೀಳದಿದ್ದರೆ ಸಿಗುವುದು ಓಟೆಗೆ ಸಿಪ್ಪೆ ಹೊದಿಸಿದಂಥ ಹಣ್ಣು, ಜೊತೆಗೆ ಮುರಿದ ಕೊಂಬೆ. ವಸಂತದಲ್ಲಿ ಪೀಚ್ ಎಲೆ ಕೆಂಪಗೆ ಉಬ್ಬಿ ಮುರುಟಿದರೆ ಅದು ಎಲೆಮುರುಟು ರೋಗ. ಕಂಡ ಮೇಲೆ ಆ ವರ್ಷಕ್ಕೆ ಮದ್ದಿಲ್ಲ. ತಾಮ್ರದ ಔಷಧಿ ಹೊಡೆಯುವ ಹೊತ್ತು ನವೆಂಬರ್ ಕೊನೆಯಲ್ಲಿ ಎಲೆ ಉದುರಿದ ಮೇಲೆ, ಮಳೆ ಜಾಸ್ತಿಯಾದ ವರ್ಷ ಮೊಗ್ಗು ಉಬ್ಬುವ ಮುಂಚೆ ಇನ್ನೊಮ್ಮೆ.