ಹರಿದ ರೆಪ್ಪೆ, ಜೋತ ರೆಪ್ಪೆ

ಒಬ್ಬರನ್ನು ಅಕ್ಕರೆಯಿಂದ ಸಲಹುವುದನ್ನು ‘ಕಣ್ಣನ್ನು ರೆಪ್ಪೆ ಕಾಯುವಂತೆ’ ಎಂದು ವರ್ಣಿಸುವುದು ನಮ್ಮಲ್ಲಿ ರೂಢಿ. ಇದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. ನಿಮಿಷಕ್ಕೆ ಸುಮಾರು 15 ಬಾರಿ ಮುಚ್ಚಿ ತೆರೆದು, ಕಣ್ಣೀರನ್ನು ತೆಳುವಾಗಿ ಸವರಿ, ದೂಳನ್ನು ತೊಡೆದು, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಒಣಗದಂತೆ ಕಾಯುವ ಕೆಲಸ ರೆಪ್ಪೆಯದು. ಈ ಕಾವಲುಗಾರನೇ ಗಾಯಗೊಂಡರೆ ಅಥವಾ ಸೋತು ಜೋತುಬಿದ್ದರೆ ಕೆಡುವುದು ಮುಖದ ಅಂದ ಮಾತ್ರವಲ್ಲ; ದೃಷ್ಟಿಯೇ ಅಪಾಯಕ್ಕೀಡಾಗಬಹುದು.

ರೆಪ್ಪೆಯ ಚರ್ಮವು ದೇಹದಲ್ಲೆಲ್ಲ ಅತ್ಯಂತ ತೆಳುವಾದುದು. ಅದರ ಹಿಂದೆ ಕಣ್ಣನ್ನು ಮುಚ್ಚುವ ವರ್ತುಲಾಕಾರದ ಸ್ನಾಯು, ಅದರ ಹಿಂದೆ ರೆಪ್ಪೆಗೆ ಬಿಗುವನ್ನು ಕೊಡುವ ಗಟ್ಟಿ ಫಲಕ, ಎಲ್ಲಕ್ಕೂ ಒಳಗೆ ನುಣುಪಾದ ಪೊರೆ ಇವೆ. ಮೇಲಿನ ರೆಪ್ಪೆಯ ಫಲಕದ ಎತ್ತರ ಸುಮಾರು 10 ಮಿಲಿಮೀಟರು, ದಪ್ಪ ಕೇವಲ 1 ಮಿಲಿಮೀಟರು. ರೆಪ್ಪೆಯನ್ನು ಮೇಲಕ್ಕೆತ್ತಲು ಬೇರೊಂದು ಸ್ನಾಯುವುಂಟು. ಅದು ಕಣ್ಣಿನ ಗೂಡಿನ ಹಿಂತುದಿಯಿಂದ ಹೊರಟು ಈ ಫಲಕಕ್ಕೆ ಬಂದು ಅಂಟಿಕೊಳ್ಳುವುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂಥ ಸೀಮೆಯಲ್ಲಿ ರೆಪ್ಪೆ ಹರಿಯುವ ಸಂದರ್ಭಗಳಿಗೆ ಕೊರತೆಯಿಲ್ಲ. ಬೊಂಬೆ ಕಡೆಯುವಾಗ ಸಿಡಿಯುವ ಮರದ ಚೂರು, ಬಂಡೆ ಒಡೆಯುವಾಗ ಹಾರುವ ಕಲ್ಲು, ಕೊಟ್ಟಿಗೆಯಲ್ಲಿ ತಲೆ ಕೊಡಹುವ ಹಸುವಿನ ಕೊಂಬು, ಹೆದ್ದಾರಿಯಲ್ಲಿ ಬೀಳುವ ದ್ವಿಚಕ್ರ ವಾಹನ, ಇವುಗಳಲ್ಲಿ ಯಾವುದಾದರೂ ಸಾಕು. ಇಂಥ ಗಾಯಕ್ಕೆ ಕಾಫಿಪುಡಿಯನ್ನೋ ಅರಿಸಿನವನ್ನೋ ಮೆತ್ತುವುದು ತಪ್ಪು. ಶುದ್ಧವಾದ ಬಟ್ಟೆಯನ್ನು ಹಗುರವಾಗಿ ಮುಚ್ಚಿ, ಕಣ್ಣುಗುಡ್ಡೆಯನ್ನು ಒತ್ತದೆ, ಆಸ್ಪತ್ರೆಗೆ ಕರೆದೊಯ್ಯಬೇಕು. ತೂಗಾಡುತ್ತಿರುವ ಚೂರು ಎಷ್ಟೇ ಚಿಕ್ಕದಾದರೂ ಅದನ್ನು ಕತ್ತರಿಸಿ ಎಸೆಯಬಾರದು. ರೆಪ್ಪೆಗೆ ರಕ್ತದ ಪೂರೈಕೆ ಧಾರಾಳವಾಗಿರುವುದರಿಂದ ಎಳೆಯಷ್ಟು ಆಧಾರದಿಂದ ನೇತಾಡುವ ಭಾಗವೂ ಮರಳಿ ಕೂಡಿಕೊಳ್ಳುವುದುಂಟು.

ವೈದ್ಯರು ಮೊದಲು ಪರೀಕ್ಷಿಸುವುದು ರೆಪ್ಪೆಯನ್ನಲ್ಲ, ಅದರ ಹಿಂದಿನ ಕಣ್ಣುಗುಡ್ಡೆಯನ್ನು. ಅದು ಕ್ಷೇಮವೆಂದು ತಿಳಿದ ಮೇಲೆಯೇ ಹೊಲಿಗೆಯ ಮಾತು. ಹೊಲಿಗೆಯಲ್ಲಿ ಮುಖ್ಯವಾದುದು ರೆಪ್ಪೆಯ ಅಂಚು. ಎರಡು ತುದಿಗಳು ಕೂದಲೆಳೆಯಷ್ಟು ಏರುಪೇರಾದರೂ ಅಲ್ಲಿ ಕಚ್ಚು ಉಳಿಯುವುದು. ರೆಪ್ಪೆಗೂದಲು ಒಳಕ್ಕೆ ತಿರುಗಿ ಪಟಲವನ್ನು ಗೀರುವುದು. ಆದುದರಿಂದ ಫಲಕವನ್ನು ತಾನಾಗಿ ಕರಗುವ ದಾರದಿಂದ ಕೂಡಿಸಿ, ಅಂಚನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ತೆಳುವಾದ ರೇಷ್ಮೆ ದಾರದಿಂದ ಹೊಲಿಯುವ ವಾಡಿಕೆ ಬಹುಕಾಲದಿಂದ ಬಂದಿದೆ. ರೇಷ್ಮೆಯ ಗಂಟು ಮೃದು. ಅದರ ತುದಿ ಕಣ್ಣಿಗೆ ಚುಚ್ಚದು. ರಾಮನಗರದ ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುವ ಹಿಪ್ಪುನೇರಳೆ ರೇಷ್ಮೆಗೂಡಿನ ಜಾತಿಯ ನೂಲೇ ಸೀರೆಯೂ ಆಗುವುದು, ಶಸ್ತ್ರವೈದ್ಯರ ಸೂಜಿಯನ್ನೂ ಸೇರುವುದು.

ಗಾಯವು ಮೂಗಿನ ಪಕ್ಕದ ಮೂಲೆಯಲ್ಲಿದ್ದರೆ ಕಣ್ಣೀರಿನ ನಾಳವೂ ತುಂಡಾಗಿರಬಹುದು. ಒಂದೆರಡು ದಿನಗಳೊಳಗೆ ಅದರೊಳಗೆ ಸಣ್ಣ ಸಿಲಿಕೋನ್ ಕೊಳವೆಯನ್ನು ತೂರಿಸಿ ಕೂಡಿಸದಿದ್ದರೆ ಜೀವನವಿಡೀ ಕಣ್ಣೀರು ಸುರಿಯುವ ಸಂಭವವುಂಟು. ರೆಪ್ಪೆಯ ಕಾಲು ಭಾಗದಷ್ಟು ಹೋಗಿದ್ದರೆ ಸಾಮಾನ್ಯವಾಗಿ ಉಳಿದುದನ್ನೇ ಎಳೆದು ಹೊಲಿಯಬಹುದು. ಮೇಲಿನ ರೆಪ್ಪೆಯ ಬಹುಭಾಗ ನಷ್ಟವಾದಾಗ ಕೆಳಗಿನ ರೆಪ್ಪೆಯಿಂದ ಸಾಲ ಪಡೆಯುವ ಕ್ರಮವನ್ನು ಕಟ್ಲರ್ ಮತ್ತು ಬಿಯರ್ಡ್ ಎಂಬ ವೈದ್ಯರು 1955ರಲ್ಲಿ ಪ್ರಕಟಿಸಿದರು. ಇದರಲ್ಲಿ ಕೆಲವು ವಾರ ಆ ಕಣ್ಣು ಮುಚ್ಚಿಯೇ ಇದ್ದು, ಅನಂತರ ಎರಡು ರೆಪ್ಪೆಗಳನ್ನು ಬಿಡಿಸುವರು. ಈ ವಿದ್ಯೆಯ ಬೇರು ಬಹು ಹಳೆಯದು. ಕೂದಲು ಒಳಮುಖವಾದ ರೆಪ್ಪೆಯಿಂದ ಜವೆಗಾಳಿನ ಆಕಾರದ ಚರ್ಮವನ್ನು ತೆಗೆದು ಹೊಲಿಯುವ ವಿಧಾನವನ್ನು ಸುಶ್ರುತ ಸಂಹಿತೆಯು ವಿವರಿಸಿದೆ.

ಇನ್ನು ಜೋತ ರೆಪ್ಪೆ. ಕೆಲವು ಶಿಶುಗಳಿಗೆ ಎತ್ತುವ ಸ್ನಾಯು ಹುಟ್ಟಿನಿಂದಲೇ ದುರ್ಬಲ. ‘ಮಗುವಿನದು ನಿದ್ದೆಗಣ್ಣು, ದೊಡ್ಡದಾದರೆ ಸರಿಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುವರು. ಆದರೆ ನೋಡುವುದನ್ನು ಕಲಿಯಬೇಕಾದದ್ದು ಮೆದುಳು. ಅದು ಮುಖ್ಯವಾಗಿ ಮೊದಲ ಏಳೆಂಟು ವರ್ಷಗಳಲ್ಲಿ ಕಲಿಯುವುದು. ಪಾಪೆಯನ್ನು ರೆಪ್ಪೆ ಮುಚ್ಚಿದ್ದರೆ ಆ ಕಣ್ಣು ಪಾಠವನ್ನೇ ಕಾಣದೆ ಮಂದದೃಷ್ಟಿಗೆ ಗುರಿಯಾಗುವುದು. ಬೆಳೆದ ಮೇಲೆ ರೆಪ್ಪೆಯನ್ನೆತ್ತಿದರೂ ಕಳೆದ ದೃಷ್ಟಿ ಪೂರ್ತಿಯಾಗಿ ಮರಳುವುದು ಕಷ್ಟ. ಹುಬ್ಬೇರಿಸಿ, ಗಲ್ಲವನ್ನೆತ್ತಿ ನೋಡುವ ಮಗುವನ್ನು ತಡಮಾಡದೆ ನೇತ್ರವೈದ್ಯರಿಗೆ ತೋರಿಸಬೇಕು.

ವೈದ್ಯರು ಹುಬ್ಬನ್ನು ಅದುಮಿ ಹಿಡಿದು, ಕೆಳಗಿನಿಂದ ಮೇಲಕ್ಕೆ ನೋಡಿಸಿ, ರೆಪ್ಪೆ ಎಷ್ಟು ಮಿಲಿಮೀಟರು ಏರಿತೆಂದು ಅಳೆಯುವರು. ಆರೋಗ್ಯವಂತರಲ್ಲಿ ಅದು ಸುಮಾರು 15. ಸ್ನಾಯುವಿನಲ್ಲಿ ಸಾಕಷ್ಟು ಶಕ್ತಿಯಿದ್ದರೆ ಅದನ್ನೇ ಮೊಟಕುಗೊಳಿಸಿ ಬಿಗಿಯುವರು. 4ಕ್ಕಿಂತ ಕಡಿಮೆಯಾದರೆ, ತೊಡೆಯಿಂದ ತೆಗೆದ ತಂತುಪಟ್ಟಿಯಿಂದಲೋ ಸಿಲಿಕೋನ್ ದಾರದಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುವರು. ಅಂದಿನಿಂದ ಹುಬ್ಬು ಏರಿದಾಗ ರೆಪ್ಪೆಯೂ ಏರುವುದು. ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿರಬಹುದಾದ್ದರಿಂದ ರಾತ್ರಿ ಮುಲಾಮು ಹಚ್ಚುವುದನ್ನು ಮರೆಯಬಾರದು.

ಜೋತ ರೆಪ್ಪೆಗಳಿಗೆಲ್ಲ ಶಸ್ತ್ರವೇ ಮದ್ದಲ್ಲ. ಥಟ್ಟನೆ ಒಂದು ರೆಪ್ಪೆ ಜೋತು, ತಲೆನೋವಿನೊಡನೆ ವಸ್ತುಗಳು ಎರಡೆರಡಾಗಿ ಕಂಡರೆ ಮೆದುಳಿನ ಬಳಿಯ ನರಕ್ಕೋ ರಕ್ತನಾಳಕ್ಕೋ ತೊಂದರೆಯಾಗಿರಬಹುದು. ರಾತ್ರಿ ನೆಲದ ಮೇಲೆ ಮಲಗಿದ್ದವರ ಎರಡು ರೆಪ್ಪೆಗಳೂ ಬೆಳಗಾಗುವಷ್ಟರಲ್ಲಿ ಸೋತು ಬಿದ್ದರೆ ಕಟ್ಟುಹಾವಿನ ಕಡಿತವನ್ನು ಶಂಕಿಸಬೇಕು. ಅದರ ಹಲ್ಲಿನ ಗುರುತು ಕಾಣದೆಯೂ ಇರಬಹುದು. ಆಗ ಉಸಿರಾಟದ ಸ್ನಾಯುಗಳೂ ಸೋಲುವ ಮುನ್ನ ಪ್ರತಿವಿಷ ದೊರೆಯುವ ಆಸ್ಪತ್ರೆಯನ್ನು ತಲಪಬೇಕು.

ಈ ನಾಲ್ಕೂ ಊರುಗಳು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರಿನೊಳಗಿವೆ; ಅಲ್ಲಿ ಮಿಂಟೋ ಕಣ್ಣಾಸ್ಪತ್ರೆಯಂಥ ಸರ್ಕಾರಿ ಸಂಸ್ಥೆಯುಂಟು. ದಾರಿ ದೂರವಲ್ಲ, ‘ನಾಳೆ ನೋಡೋಣ’ ಎಂಬ ವಿಳಂಬವೇ ದೂರ. ರೆಪ್ಪೆಯ ವಿಷಯದಲ್ಲಿ ವೈದ್ಯರ ಕೈಚಳಕವನ್ನು ಮಿಲಿಮೀಟರುಗಳಲ್ಲಿ ಅಳೆದರೆ, ಮನೆಯವರ ವಿವೇಕವನ್ನು ಗಂಟೆಗಳಲ್ಲಿ ಅಳೆಯಬೇಕು.