ಸೊಂಟನೋವು: ಚಿತ್ರಕ್ಕಿಂತ ಮೊದಲು ಪರೀಕ್ಷೆ

ಚಕ್ಕಳಮಕ್ಕಳ ಹಾಕಿ ಬೀಡಿ ಕಟ್ಟುವ ತಾಯಂದಿರು, ಅಡಕೆ ತೋಟದಲ್ಲಿ ಹೊರೆ ಹೊರುವವರು, ದಿನವಿಡೀ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವವರು – ಕಾಸರಗೋಡಿನ ನಮ್ಮ ಮನೆಗಳಲ್ಲಿ ಸೊಂಟನೋವನ್ನು ಅರಿಯದವರು ವಿರಳ. ನೋವು ಕಾಣಿಸಿತೆಂದರೆ ನಾವು ಮಾಡುವುದು ಎರಡೇ: ರೋಗಿಯನ್ನು ವಾರಗಟ್ಟಲೆ ಮಲಗಿಸುವುದು; ಇಲ್ಲವೆ ಸಾಲ ಮಾಡಿಯಾದರೂ ಮಂಗಳೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸುವುದು. ಹೆಚ್ಚಿನವರಿಗೆ ಇವೆರಡೂ ಬೇಕಿಲ್ಲವೆಂಬುದು ಇಂದಿನ ವೈದ್ಯಶಾಸ್ತ್ರದ ಮತ.

ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಯ ನೋವಿಗೆ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಹೊಸದಾಗಿ ಬಂದ ನೋವು ಬಹುಮಟ್ಟಿಗೆ ಆರು ವಾರಗಳೊಳಗೆ ತಗ್ಗುತ್ತದೆ. ಆದುದರಿಂದ ವೈದ್ಯರು ಮೊದಲು ರೋಗಿಯ ಮಾತನ್ನು ಕೇಳುತ್ತಾರೆ. ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿ ನೋಡುತ್ತಾರೆ. ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಸುತ್ತಾರೆ. ನರಕ್ಕೆ ಒತ್ತಡವಿದೆಯೇ ಎಂಬುದು ಇದರಿಂದಲೇ ಬಹುಪಾಲು ತಿಳಿಯುತ್ತದೆ.

ಚಿತ್ರವನ್ನೇ ಏಕೆ ನಂಬಬಾರದು? ನೋವಿಲ್ಲದವರ ಎಂ.ಆರ್.ಐ. ಚಿತ್ರಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ಪ್ರಾಯದಲ್ಲೇ ಶೇಕಡಾ 37, ಐವತ್ತರಲ್ಲಿ ಶೇಕಡಾ 80 ಮಂದಿಗೆ ಡಿಸ್ಕ್ ಸವೆದಿತ್ತು. ತಲೆ ನರೆಯುವಂತೆ ಇದೂ ವಯೋಧರ್ಮ. 'ಡಿಸ್ಕ್ ಸವೆದಿದೆ' ಎಂಬ ವರದಿಗೆ ಅಂಜಿ ಶಸ್ತ್ರಚಿಕಿತ್ಸೆಗೆ ಧಾವಿಸುವುದು ಸಲ್ಲದು.

ಆದರೆ ಕೆಲವು ಲಕ್ಷಣಗಳನ್ನು ಅಲಕ್ಷಿಸುವಂತಿಲ್ಲ. ಮೂತ್ರ ಕಟ್ಟುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಂದುತ್ತ ಹೋಗುವುದು – ಇವು ಕಂಡರೆ ಅಂದೇ ಆಸ್ಪತ್ರೆ ಸೇರಬೇಕು. ಜ್ವರ, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಇದ್ದುದು, ಬಿದ್ದ ಪೆಟ್ಟು – ಇವಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನೂ ಮರೆಯಲಾಗದು. ಇಂಥವರಿಗೆ ಸ್ಕ್ಯಾನ್ ಅತ್ಯವಶ್ಯ.

ಉಳಿದವರಿಗೆ ನಡಿಗೆ, ಬಿಸಿ ಶಾಖ, ಶಕ್ತ್ಯನುಸಾರ ಮನೆಗೆಲಸಗಳೇ ಮದ್ದು. ನೋವಿನ ಗುಳಿಗೆಯನ್ನು ವೈದ್ಯರ ಸಲಹೆಯಂತೆ ಕೆಲವೇ ದಿನ ಸೇವಿಸಬಹುದು. ಹೊಟ್ಟೆಹುಣ್ಣು, ಮೂತ್ರಪಿಂಡ ಇಲ್ಲವೆ ಹೃದಯದ ತೊಂದರೆಯುಳ್ಳವರು ಎಚ್ಚರದಿಂದಿರಬೇಕು. ಮೂರು ತಿಂಗಳು ಮೀರಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಸೂಚಿಸಿತು. ಸೊಂಟದ ಬೆಲ್ಟು, ಎಳೆತದ ಚಿಕಿತ್ಸೆ ರೂಢಿಯಾಗಿ ಬೇಡವೆಂದಿತು.

ಬೀಡಿಯ ಮೊರವನ್ನು ಅರ್ಧ ತಾಸಿಗೊಮ್ಮೆ ಕೆಳಗಿಟ್ಟು ಎದ್ದು ಅಂಗಳಕ್ಕೊಂದು ಸುತ್ತು ಬರುವುದಕ್ಕೆ ಖರ್ಚಿಲ್ಲ. ಮನೆಯ ತಾಯಂದಿರಿಗೆ ಅಷ್ಟು ಬಿಡುವನ್ನು ಒದಗಿಸುವುದು ನಮ್ಮೆಲ್ಲರ ಹೊಣೆ.